ಕ್ಲೋರಿನ್ ಕಾಣೆಯಾದ ಓಣಿ: ಸಿಂಧನೂರು ಸೀಮೆಯ ಒಂದು ನಳನೀರಿನ ಪ್ರಕರಣ

ಮುನಿರಾಬಾದಿನಿಂದ ಹೊರಡುವ ತುಂಗಭದ್ರಾ ಎಡದಂಡೆ ಕಾಲುವೆ ಕೊಪ್ಪಳ ಜಿಲ್ಲೆ ದಾಟಿ ಸಿಂಧನೂರು, ಮಾನ್ವಿ ಕಡೆಗೆ ಬರುವ ಹೊತ್ತಿಗೆ ಅದರ ನೀರು ಬರೀ ಗದ್ದೆಯ ನೀರಾಗಿ ಉಳಿಯುವುದಿಲ್ಲ, ಊರೂರಿನ ಕುಡಿಯುವ ನೀರೂ ಅದೇ. ಕಾಲುವೆ ಹರಿಯುವಾಗ ಕೆರೆ ತುಂಬಿಸಿಕೊಳ್ಳಬೇಕು, ಕಾಲುವೆ ಬಂದ್ ಆದಮೇಲೆ ಆ ಕೆರೆಯಲ್ಲೇ ಬೇಸಿಗೆ ಕಳೆಯಬೇಕು. ಏಪ್ರಿಲ್ ದಾಟಿದರೆ ಕೆರೆಯ ನೀರು ಹಸಿರಾಗಿ ತಳಕ್ಕಿಳಿಯುತ್ತದೆ, ಸಾಲದ ನೀರನ್ನು ಬೋರ್‌ವೆಲ್‌ನಿಂದ ತುಂಬುತ್ತಾರೆ. ಜೂನ್‌ನ ಮೊದಲ ದೊಡ್ಡ ಮಳೆಗೆ ಗಟಾರ ತುಂಬಿ ಹರಿಯುತ್ತದೆ. ವಾಂತಿಭೇದಿ ಬರುವುದು ಹೆಚ್ಚಾಗಿ ಆ ವಾರದಲ್ಲೇ.

ಇಲ್ಲಿ ಬರೆದಿರುವುದು ಅಂಥ ಒಂದು ವಾರದ ಕಥೆ. ಊರಿನ ಹೆಸರಿಲ್ಲ, ಏಕೆಂದರೆ ಇದು ಒಂದೇ ಊರಲ್ಲ. ಈ ಸೀಮೆಯಲ್ಲಿ ಮತ್ತೆಮತ್ತೆ ಕಾಣುವ ಸ್ಥಿತಿಯನ್ನು ಒಂದು ಊರಿನ ಚೌಕಟ್ಟಿಗೆ ಕೂರಿಸಿದ್ದೇವೆ. ಮನೆ, ರೋಗಿ, ಮೀಟರ್ ಓದಿನ ಅಂಕಿಗಳು ಲೆಕ್ಕ ಹಾಕುವ ಬಗೆ ತೋರಿಸಲು ಆಯ್ದವು. ಮಿತಿಗಳು, ಪ್ರಮಾಣಗಳು, ಪರೀಕ್ಷಾ ವಿಧಾನಗಳು ಮಾತ್ರ ಇದ್ದದ್ದು ಇದ್ದ ಹಾಗೆ.

ಊರಿನ ನೀರು

420 ಮನೆ, 2,200 ಜನ. ತಲೆಗೆ ದಿನಕ್ಕೆ 55 ಲೀಟರಿನಂತೆ 1.21 ಲಕ್ಷ ಲೀಟರ್ ಬೇಕು. ಕೆರೆಯ ಪಕ್ಕದಲ್ಲಿ ನಿಧಾನ ಮರಳು ಶೋಧಕದ ಎರಡು ತೊಟ್ಟಿಗಳಿವೆ, ಒಂದೊಂದು 25 ಚದರ ಮೀಟರ್. ಮರಳಿನ ಮೇಲೆ ಗಂಟೆಗೆ 0.1 ಮೀಟರ್ ವೇಗದಲ್ಲಿ ನೀರು ಇಳಿದರೆ ಎರಡೂ ಸೇರಿ ದಿನವಿಡೀ ಓಡಿ 1.2 ಲಕ್ಷ ಲೀಟರ್ ಕೊಡುತ್ತವೆ. ಅಂದರೆ ಸರಿಯಾಗಿ ಬೇಕಾದಷ್ಟು, ಒಂದು ಕೊಡವೂ ಹೆಚ್ಚಿಲ್ಲ. ಶೋಧಿಸಿದ ನೀರು 50,000 ಲೀಟರಿನ ಓವರ್‌ಹೆಡ್ ಟ್ಯಾಂಕಿಗೆ ಏರಿ, ಅಲ್ಲಿಂದ ಮೇಲಿನ ಓಣಿ, ನಡುವಿನ ಓಣಿ, ಕೆಳಗಿನ ಓಣಿಗಳಿಗೆ ಎರಡು ದಿನಕ್ಕೊಮ್ಮೆ 40 ನಿಮಿಷ ಬಿಡುಗಡೆಯಾಗುತ್ತದೆ.

ಬೋರ್‌ವೆಲ್ ನೀರಿನ ಗುಣವೇ ಬೇರೆ. ಇಲ್ಲಿನ ನೆಲದಡಿ ಇರುವುದು ಗ್ರಾನೈಟ್, ನೈಸ್ ಬಂಡೆ. ಅದರಲ್ಲಿರುವ ಬಯೋಟೈಟ್, ಅಪಟೈಟ್, ಫ್ಲೋರೈಟ್‌ನಂಥ ಖನಿಜಗಳಿಂದ ಫ್ಲೋರೈಡ್ ನೀರಿಗೆ ಬಿಡುತ್ತದೆ. ಬೈಕಾರ್ಬೊನೇಟ್ ಹೆಚ್ಚಿದ್ದು ಕ್ಯಾಲ್ಸಿಯಂ ಕಡಿಮೆ ಇರುವ ನೀರಿನಲ್ಲಿ ಇನ್ನೂ ಜಾಸ್ತಿ. ಕೆರೆಯ ನೀರಿನಲ್ಲಿ ಟಿಡಿಎಸ್ (ನೀರಲ್ಲಿ ಕರಗಿದ ಲವಣಗಳ ಒಟ್ಟು ಪ್ರಮಾಣ) ಲೀಟರಿಗೆ 280 ಮಿಲಿಗ್ರಾಂ, ಫ್ಲೋರೈಡ್ ಲೀಟರಿಗೆ 0.4 ಮಿಲಿಗ್ರಾಂ. ಬೋರ್‌ವೆಲ್‌ನಲ್ಲಿ ಟಿಡಿಎಸ್ 1,000, ಫ್ಲೋರೈಡ್ 2.6. ಬೇಸಿಗೆಯಲ್ಲಿ ಅರ್ಧಕ್ಕರ್ಧ ಬೆರೆಸಿದಾಗ ಟ್ಯಾಂಕಿನಲ್ಲಿ ಟಿಡಿಎಸ್ 640, ಫ್ಲೋರೈಡ್ 1.5.

ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಫ್ಲೋರೈಡ್ 1.0ರೊಳಗೆ ಇರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 1.5ರ ತನಕ ನಡೆಯುತ್ತದೆ. ಕಾಗದದ ಮೇಲೆ ಈ ಟ್ಯಾಂಕು ಪಾಸು. ಆದರೆ ಮೇ ತಿಂಗಳ ಬಿಸಿಲಲ್ಲಿ ಹೊಲದ ಕೆಲಸ ಮಾಡುವವರು ದಿನಕ್ಕೆ ಐದಾರು ಲೀಟರ್ ಕುಡಿಯುತ್ತಾರೆ. ಎರಡು ಲೀಟರ್ ಕುಡಿಯುವವರ ಲೆಕ್ಕ ಇವರಿಗೆ ಹೊಂದುವುದಿಲ್ಲ. ಆದ್ದರಿಂದ ನಮ್ಮ ಸೀಮೆಗೆ 1.0 ಅನ್ನೇ ಮಿತಿಯೆಂದು ಹಿಡಿಯಬೇಕು ಎನ್ನುವುದು ನಮ್ಮ ನಿಲುವು.

ಈ ಕಾರಣಕ್ಕೇ ಊರಲ್ಲಿ ಶುದ್ಧ ಕುಡಿಯುವ ನೀರಿನ ಘಟಕವಿದೆ. ಅದು ಬೋರ್‌ವೆಲ್ ನೀರನ್ನೇ ಆರ್‌ಒ ಪೊರೆಯ ಮೂಲಕ ಹಾಯಿಸಿ, 5 ರೂಪಾಯಿ ನಾಣ್ಯಕ್ಕೆ 20 ಲೀಟರ್ ಕೊಡುತ್ತದೆ. ಜನರ ಬಾಯಲ್ಲಿ ಅದು ‘ಫಿಲ್ಟರ್ ನೀರು’. ನಳದ ನೀರು ಬಳಕೆಗೆ, ಫಿಲ್ಟರ್ ನೀರು ಕುಡಿಯಲಿಕ್ಕೆ ಎನ್ನುವುದು ಅರ್ಧ ಊರಿನ ರೂಢಿ.

ಐದು ದಿನ

ಶುಕ್ರವಾರ ರಾತ್ರಿ ಮಳೆ. ಶನಿವಾರ ಬೆಳಗ್ಗೆ ನಳ ಬಂತು. ಭಾನುವಾರ ಸಂಜೆಗೆ ಮೊದಲ ಮೂವರು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದರು. ಸೋಮವಾರ ಹದಿನಾಲ್ಕು. ಗುರುವಾರದ ಹೊತ್ತಿಗೆ ಒಟ್ಟು 38.

ಸೋಮವಾರ ಬೆಳಗ್ಗೆ ಗಾಬರಿಯಲ್ಲಿ ಮಾಡಿದ ಕೆಲಸ ಎರಡು, ಎರಡೂ ತಪ್ಪಿದವು.

ಮೊದಲನೆಯದು, ಹೊಸ ಚೀಲ ಒಡೆದು ಮೂರು ಕಿಲೋ ಬ್ಲೀಚಿಂಗ್ ಪೌಡರನ್ನು ನೇರ ಟ್ಯಾಂಕಿಗೆ ಸುರಿದದ್ದು. ಶೇ 25 ಕ್ಲೋರಿನ್ ಇರುವ ಪೌಡರ್ ಎಂದು ಹಿಡಿದರೆ 750 ಗ್ರಾಂ ಕ್ಲೋರಿನ್, 50,000 ಲೀಟರಿಗೆ ಹಂಚಿದರೆ ಲೀಟರಿಗೆ 15 ಮಿಲಿಗ್ರಾಂ. ಕ್ಲೋರಿನ್ ಅಳೆಯುವ ಕಿಟ್ಟಿನಲ್ಲಿ ಡಿಪಿಡಿ ಎಂಬ ಗುಳಿಗೆ ಇರುತ್ತದೆ, ಕ್ಲೋರಿನ್ ಇದ್ದರೆ ಅದು ನೀರನ್ನು ಗುಲಾಬಿ ಮಾಡುತ್ತದೆ. ಅದರಲ್ಲಿ ಅಳೆದಾಗ ಗುಲಾಬಿ ಬಣ್ಣ ಒಂದು ಕ್ಷಣ ಮೂಡಿ ಮಾಯವಾಯಿತು. ‘ಕ್ಲೋರಿನ್ ಇಲ್ಲ’ ಎಂದು ಇನ್ನೊಂದು ಕಿಲೋ ಹಾಕಲು ಹೊರಟಿದ್ದರು. ಡಿಪಿಡಿ ಗುಳಿಗೆಯ ಪರೀಕ್ಷೆಯಲ್ಲಿ ಇದೊಂದು ದೊಡ್ಡ ಮೋಸ. ಕ್ಲೋರಿನ್ ಅತಿಯಾದರೆ ಅದು ಬಣ್ಣವನ್ನೇ ತಿಂದುಹಾಕುತ್ತದೆ, ಶೂನ್ಯದಂತೆ ಕಾಣುತ್ತದೆ. ಮೂಗಿಗೆ ವಾಸನೆ ಹೊಡೆಯುತ್ತಿದ್ದು ಬಣ್ಣ ಬಾರದಿದ್ದರೆ, ಒಂದು ಪಾಲು ನೀರಿಗೆ ಒಂಬತ್ತು ಪಾಲು ಆರ್‌ಒ ನೀರು ಬೆರೆಸಿ ಮತ್ತೆ ಅಳೆಯಬೇಕು, ಬಂದ ಅಂಕಿಯನ್ನು ಹತ್ತರಿಂದ ಗುಣಿಸಬೇಕು. ಹಾಗೆ ಮಾಡಿದಾಗ ಕಂಡದ್ದು ಲೀಟರಿಗೆ 11 ಮಿಲಿಗ್ರಾಂ.

ವಾಸನೆಗೆ ಜನ ಆ ನೀರು ಬಿಟ್ಟರು. ‘ನೀರು ಔಷಧ ವಾಸನಿ ಹೊಡೀತೈತ್ರಿ’ ಎಂದು ಕೊಡ ಹಿಡಿದು ಹಳ್ಳದ ಕಡೆ ನಡೆದರು. ಕ್ಲೋರಿನ್ ಅತಿಯಾದಾಗ ಆಗುವ ಕೇಡಿಗಿಂತ, ಅದಕ್ಕೆ ಹೆದರಿ ಜನ ಹುಡುಕಿಕೊಳ್ಳುವ ನೀರಿನ ಕೇಡು ದೊಡ್ಡದು.

ಎರಡನೆಯದು ಟ್ಯಾಂಕರ್. ಹೊಲದ ಬೋರ್‌ವೆಲ್‌ನಿಂದ ತುಂಬಿ ತಂದ 5,000 ಲೀಟರ್ ನೀರಿಗೆ ಯಾರೂ ಏನೂ ಹಾಕಿರಲಿಲ್ಲ. ಲೀಟರಿಗೆ 2 ಮಿಲಿಗ್ರಾಂ ಕ್ಲೋರಿನ್ ಬೇಕೆಂದರೆ 10 ಗ್ರಾಂ ಕ್ಲೋರಿನ್, ಅಂದರೆ 40 ಗ್ರಾಂ ಪೌಡರ್. ಅದನ್ನು ಬಕೆಟ್ಟಿನಲ್ಲಿ ಕದಡಿ, ತಿಳಿಯಾಗಲು ಬಿಟ್ಟು, ತಿಳಿನೀರನ್ನಷ್ಟೇ ಟ್ಯಾಂಕರ್ ತುಂಬುವಾಗಲೇ ಹಾಕಬೇಕು. ಊರಿಗೆ ಬರುವ ದಾರಿಯ ಅರ್ಧ ಗಂಟೆಯೇ ಅದು ಕೆಲಸ ಮಾಡುವ ಸಮಯ.

ರೋಗಿಗಳ ಕಡೆ ಮಾತ್ರ ಕೆಲಸ ಸರಿಯಾಗಿ ನಡೆಯಿತು. ಆಶಾ ಕಾರ್ಯಕರ್ತೆಯರು ಮನೆಮನೆಗೆ ಓಆರ್‌ಎಸ್ ಹಂಚಿದರು, ಆರು ತಿಂಗಳು ಮೀರಿದ ಮಕ್ಕಳಿಗೆ ದಿನಕ್ಕೆ 20 ಮಿಲಿಗ್ರಾಂನಂತೆ 14 ದಿನ ಸತುವಿನ ಮಾತ್ರೆ. ಅಕ್ಕಿ ತೊಳೆದ ನೀರಿನಂಥ ಭೇದಿ ಇದ್ದವರ ಮಲದ ಮಾದರಿಯನ್ನು ಆ್ಯಂಟಿಬಯಾಟಿಕ್ ಕೊಡುವ ಮೊದಲೇ ತೆಗೆದು ಕಾಲರಾ ಪರೀಕ್ಷೆಗೆ ಕಳಿಸಿದರು. ಈ ಕ್ರಮ ತಲೆಕೆಳಗಾದರೆ ಪ್ರಯೋಗಾಲಯದ ಉತ್ತರಕ್ಕೆ ಬೆಲೆ ಇರುವುದಿಲ್ಲ.

ಎಲ್ಲರ ಅನುಮಾನ ಕೆರೆಯ ಮೇಲೆ

ಅನುಮಾನಕ್ಕೆ ಕಾರಣವೂ ಇತ್ತು. ಶೋಧಕದ ಒಂದು ತೊಟ್ಟಿಯ ಮೇಲ್ಪದರ ಕೆರೆದು ಹಾಕಿದ್ದರು, ಅದು ಬಂದ್ ಇತ್ತು. ಎಲ್ಲ ಭಾರ ಇನ್ನೊಂದರ ಮೇಲೆ ಬಿದ್ದು ಅದೂ ಕಟ್ಟಿಕೊಂಡಿತ್ತು. ಕೊನೆಗೆ ಬೈಪಾಸ್ ವಾಲ್ವ್ ತೆರೆದು ಕೆರೆಯ ನೀರನ್ನು ನೇರ ಏರಿಸುತ್ತಿದ್ದರು.

ನಿಧಾನ ಮರಳು ಶೋಧಕದಲ್ಲಿ ಕೆಲಸ ಮಾಡುವುದು ಬರೀ ಮರಳಲ್ಲ. ಅದರ ಮೇಲೆ ಬೆಳೆಯುವ ಲೋಳೆಯಂಥ ಜೀವಪದರವೇ ರೋಗಾಣುಗಳನ್ನು ತಡೆದು ತಿನ್ನುವುದು. ಕಟ್ಟಿಕೊಂಡಾಗ ಮೇಲಿನ ಒಂದೂವರೆ–ಎರಡು ಸೆಂಟಿಮೀಟರ್ ಮಾತ್ರ ಚಪ್ಪಟೆ ಸಲಿಕೆಯಿಂದ ಕೆರೆಯಬೇಕು, ಆಮೇಲೆ ಪದರ ಮತ್ತೆ ಬಲಿಯುವ ತನಕ ಕೆಲವು ದಿನ ಅದರ ನೀರನ್ನು ಹೊರಗೆ ಬಿಡಬೇಕು. ಎರಡೂ ತೊಟ್ಟಿ ಒಟ್ಟಿಗೆ ಕಟ್ಟಿಕೊಳ್ಳುವ ತನಕ ಕಾದರೆ ಹೀಗೇ ಆಗುವುದು. ಒಂದನ್ನು ಮಾರ್ಚ್‌ನಲ್ಲಿ, ಇನ್ನೊಂದನ್ನು ಏಪ್ರಿಲ್‌ನಲ್ಲಿ ಕೆರೆದಿದ್ದರೆ ಬೈಪಾಸ್‌ನ ಮಾತೇ ಇರುತ್ತಿರಲಿಲ್ಲ.

ಆದರೆ ಕೆರೆಯ ನೀರು ಕುಡಿದದ್ದು ಇಡೀ ಊರು. ಕೆರೆಯೊಂದೇ ಕಾರಣವಾಗಿದ್ದರೆ ಮೂರೂ ಓಣಿಗಳಲ್ಲಿ ಕಾಯಿಲೆ ಬೀಳಬೇಕಿತ್ತು. ಅದನ್ನು ತಿಳಿಯಲು ಬೇಕಾದದ್ದು ಒಂದು ನೋಟ್‌ಬುಕ್ಕು: ರೋಗಿಯ ಮನೆ, ವಯಸ್ಸು, ಭೇದಿ ಶುರುವಾದ ದಿನ–ಹೊತ್ತು, ಕುಡಿದ ನೀರು.

ಕೆಳಗಿನ ಓಣಿಯಲ್ಲಿ 90 ಮನೆ, 430 ಜನ. ಅವರಲ್ಲಿ ನಳದ ನೀರನ್ನೇ ಕುಡಿಯುವವರು 180, ಕಾಯಿಲೆ ಬಿದ್ದವರು 19. ಅಂದರೆ ನೂರಕ್ಕೆ ಹತ್ತೂವರೆ. ಫಿಲ್ಟರ್ ನೀರು ಕುಡಿಯುವವರು 250, ಕಾಯಿಲೆ ಬಿದ್ದವರು 8. ನೂರಕ್ಕೆ ಮೂರಕ್ಕಿಂತ ತುಸು ಹೆಚ್ಚು. ಮಿಕ್ಕ ಎರಡು ಓಣಿಯ 1,770 ಜನರಲ್ಲಿ 11, ನೂರಕ್ಕೆ ಒಬ್ಬರೂ ಇಲ್ಲ.

ಈ ಮೂರು ಸಾಲಿನಲ್ಲಿ ಎರಡು ಸುಳಿವು. ಒಂದು, ಕೇಡು ಕೆಳಗಿನ ಓಣಿಯ ಪೈಪಿನಲ್ಲಿದೆ. ಇನ್ನೊಂದು ಸುಳಿವು ಬಹಳ ಜನರ ಕಣ್ಣು ತಪ್ಪಿಸುವಂಥದ್ದು. ಫಿಲ್ಟರ್ ನೀರು ಕುಡಿದವರಿಗೂ, ಆ ಓಣಿಯಲ್ಲಿ ಇದ್ದ ಕಾರಣಕ್ಕೆ, ಬೇರೆ ಓಣಿಯವರಿಗಿಂತ ಐದು ಪಟ್ಟು ಹೆಚ್ಚು ಕಾಯಿಲೆ. ಊರಿನವರು ಇದರಿಂದ ‘ಫಿಲ್ಟರ್ ನೀರೇ ಕೆಟ್ಟೈತಿ’ ಎಂದರು. ಹಾಗಿದ್ದರೆ ಮೇಲಿನ ಓಣಿಯಲ್ಲಿ ಅದೇ ಘಟಕದ ನೀರು ಕುಡಿದವರೂ ಬೀಳಬೇಕಿತ್ತಲ್ಲ. ಇದಕ್ಕೆ ಮುಂದೆ ಬರುತ್ತೇವೆ.

ಎಷ್ಟು ಪೌಡರ್? ಹಾರಕ್ಸ್ ಬಟ್ಟಲುಗಳ ಉತ್ತರ

ಪೈಪಿನಲ್ಲಿ ಹುಡುಕಲು ಮೊದಲು ಟ್ಯಾಂಕಿನಿಂದ ಹೊರಡುವ ನೀರಿನಲ್ಲಿ ಕ್ಲೋರಿನ್ ಸ್ಥಿರವಾಗಿರಬೇಕು. ಮೂರು ಕಿಲೋ ಪೌಡರ್ ಸುರಿದಿದ್ದ ನೀರನ್ನೆಲ್ಲ ಹೊರಬಿಟ್ಟು, ತಳದಲ್ಲಿ ಕೂತಿದ್ದ ಸುಣ್ಣದ ರಾಡಿ ತೆಗೆದು, ಟ್ಯಾಂಕ್ ಮತ್ತೆ ತುಂಬಿಸಲಾಯಿತು.

ಅಲ್ಲಿಯ ತನಕ ನೀರುಗಂಟಿ ಹಾಕುತ್ತಿದ್ದದ್ದು ದಿನಕ್ಕೆ ಎರಡು ಬೊಗಸೆ, ಸುಮಾರು 150 ಗ್ರಾಂ. ಪೌಡರ್ ಪಂಪ್‌ಹೌಸಿನ ತಗಡಿನ ಕೆಳಗೆ ಬಾಯಿ ಬಿಚ್ಚಿದ ಚೀಲದಲ್ಲಿತ್ತು. ಹೊಸದರಲ್ಲಿ ಶೇ 32–34ರಷ್ಟು ಇರಬೇಕಾದ ಕ್ಲೋರಿನ್, ರಾಯಚೂರಿನ ಬಿಸಿಲಿಗೆ ವಾರವಾರವೂ ಹಾರಿಹೋಗುತ್ತದೆ. ಪ್ಯಾನಲ್ ಬೋರ್ಡಿನ ತಂತಿಗಳು ಹಸಿರುಗಟ್ಟಿದ್ದು ಅದೇ ಕ್ಲೋರಿನ್‌ನಿಂದ. ‘ಪೌಡರ್ ಹಾಕೇನ್ರಿ’ ಎಂಬ ಮಾತು ಸುಳ್ಳಲ್ಲ. ಹಾಕಿದ್ದು ಸಾಕಾಯಿತೇ ಎಂದು ಅಳೆಯುವ ಸಾಧನ ಅವನ ಕೈಗೆ ಯಾರೂ ಕೊಟ್ಟಿರಲಿಲ್ಲ, ಅಷ್ಟೇ.

ನೀರಿಗೆ ಎಷ್ಟು ಪೌಡರ್ ಬೇಕೆಂದು ತಿಳಿಸುವ ಹಾರಕ್ಸ್ ಪೆಟ್ಟಿಗೆ ಹಳೆಯ ಸಾಧನ. ಆದರೆ ಪೌಡರಿನ ಸತ್ವವೂ ನೀರಿನ ಹಸಿವೂ (ನೀರಿನ ಹೊಲಸು ಎಷ್ಟು ಕ್ಲೋರಿನ್ ತಿಂದುಹಾಕುತ್ತದೆ ಎಂಬುದು) ಗೊತ್ತಿಲ್ಲದ ಕಡೆ ಅದಕ್ಕಿಂತ ಒಳ್ಳೆಯದು ನಮಗೆ ಕಂಡಿಲ್ಲ. ಅದರಲ್ಲಿ ಒಂದು ಕಪ್ಪು ಬಟ್ಟಲು, ಆರು ಬಿಳಿ ಬಟ್ಟಲು, 2 ಗ್ರಾಂ ಹಿಡಿಯುವ ಚಮಚ, ಕಲಕುವ ಕಡ್ಡಿಗಳು, ಪಿಪೆಟ್ ಮತ್ತು ಪಿಷ್ಟ–ಅಯೊಡೈಡ್ ದ್ರಾವಣ ಇರುತ್ತವೆ. ಕಪ್ಪು ಬಟ್ಟಲಿಗೆ ಒಂದು ಸಮತಟ್ಟು ಚಮಚ ಪೌಡರ್ ಹಾಕಿ, ತುಸು ನೀರಲ್ಲಿ ಮೊದಲು ಹಿಟ್ಟಿನಂತೆ ಕಲಸಿ, ಒಳಗಿನ ಗೆರೆಯ ತನಕ ನೀರು ತುಂಬಿ ಕಲಕಿ, ತಿಳಿಯಾಗಲು ಬಿಡಬೇಕು. ಬಿಳಿ ಬಟ್ಟಲುಗಳಿಗೆ ಟ್ಯಾಂಕಿನ ನೀರನ್ನು ಅಂಚಿಗೆ ಒಂದು ಸೆಂಟಿಮೀಟರ್ ಕೆಳಗಿನ ತನಕ ತುಂಬಬೇಕು. ತಿಳಿನೀರನ್ನು ಮೊದಲ ಬಟ್ಟಲಿಗೆ ಒಂದು ಹನಿ, ಎರಡನೆಯದಕ್ಕೆ ಎರಡು, ಹೀಗೆ ಆರನೆಯದಕ್ಕೆ ಆರು ಹನಿ ಹಾಕಿ ಕಲಕಬೇಕು. ಅರ್ಧ ಗಂಟೆ ಬಿಟ್ಟು ಒಂದೊಂದಕ್ಕೂ ಮೂರು ಹನಿ ಪಿಷ್ಟ–ಅಯೊಡೈಡ್ ಹಾಕಿದರೆ, ಕ್ಲೋರಿನ್ ಉಳಿದ ಬಟ್ಟಲು ನೀಲಿಯಾಗುತ್ತದೆ. ಸ್ಪಷ್ಟ ನೀಲಿ ಬಂದ ಮೊದಲ ಬಟ್ಟಲು ಎಷ್ಟನೆಯದೋ, 455 ಲೀಟರಿಗೆ ಅಷ್ಟು ಚಮಚ ಪೌಡರ್.

ಹೊಸ ಚೀಲದ ಪೌಡರಿಗೆ ಮೂರನೇ ಬಟ್ಟಲು ನೀಲಿಯಾಯಿತು: 455 ಲೀಟರಿಗೆ 6 ಗ್ರಾಂ, 50,000 ಲೀಟರಿಗೆ 660 ಗ್ರಾಂ. ಹಳೆಯ ಚೀಲದ್ದಕ್ಕೆ ಐದನೇ ಬಟ್ಟಲು: 1,100 ಗ್ರಾಂ. ಎರಡು ಬೊಗಸೆಯಲ್ಲಿ ಹಾಕುತ್ತಿದ್ದ 150 ಗ್ರಾಂ ಹಳೆಯ ಪೌಡರ್ ಹಸಿರು ನೀರಿನ ಹಸಿವಿಗೇ ಸಾಲುತ್ತಿರಲಿಲ್ಲ. ಅಂದರೆ ಮಳೆಗೆ ಎಷ್ಟೋ ವಾರ ಮೊದಲಿಂದಲೂ ಊರಿನ ನಳದಲ್ಲಿ ಕ್ಲೋರಿನ್ ಶೂನ್ಯ.

660 ಗ್ರಾಮನ್ನು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕದಡಿ ಅರ್ಧ ಗಂಟೆ ಇಟ್ಟು, ತಿಳಿನೀರನ್ನು ಟ್ಯಾಂಕ್ ಮೂರನೇ ಒಂದು ತುಂಬಿದಾಗ, ಮೋಟರ್ ಓಡುತ್ತಿರುವಾಗಲೇ ಸುರಿಯಬೇಕು. ಮಿಕ್ಕ ನೀರು ಬಿದ್ದು ತಾನೇ ಕಲಕುತ್ತದೆ. ಬಟ್ಟೆಯ ಗಂಟಲ್ಲಿ ಕಟ್ಟಿ ತೂಗಿಬಿಡುವ ರೂಢಿ ಕೆಲವು ಕಡೆ ಇದೆ. ಅದರಲ್ಲಿ ಮೊದಲ ಓಣಿಗೆ ವಾಸನೆ, ಕೊನೆಯ ಓಣಿಗೆ ಬರೀ ನೀರು. ಅರ್ಧ ಗಂಟೆಯ ನಂತರ ಟ್ಯಾಂಕಿನ ಬಾಯಲ್ಲಿ ಕ್ಲೋರಿನ್ ಓದು ಲೀಟರಿಗೆ 0.7 ಮಿಲಿಗ್ರಾಂ.

ಎಲ್ಲಿ ಕಾಣೆಯಾಯಿತು?

ಬುಧವಾರ ಬೆಳಗ್ಗೆ ಕೆಳಗಿನ ಓಣಿಗೆ ಮಾತ್ರ ನೀರು ಬಿಟ್ಟು, ನಳದಿಂದ ನಳಕ್ಕೆ ಎರಡು ಸಲ ಅಳೆಯಲಾಯಿತು: ನೀರು ಬಂದ ಮೊದಲ ನಿಮಿಷಕ್ಕೊಮ್ಮೆ, ಹನ್ನೆರಡನೇ ನಿಮಿಷಕ್ಕೊಮ್ಮೆ. ಈ ಎರಡು ಓದಿನ ನಡುವೆಯೇ ಉತ್ತರ ಇರುವುದು. ಎರಡೂ ಶೂನ್ಯವಾಗಿದ್ದರೆ ತಪ್ಪು ಟ್ಯಾಂಕಿನಲ್ಲಿ. ಮೊದಲನೆಯದು ಶೂನ್ಯ, ಎರಡನೆಯದು ಸರಿಯಿದ್ದರೆ, ನೀರು ನಿಂತ ಎರಡು ದಿನದಲ್ಲಿ ಪೈಪಿಗೆ ಏನೋ ಇಳಿದಿದೆ. ಪ್ರಯೋಗಾಲಯಕ್ಕೆ ಮಾದರಿ ತೆಗೆಯುವಾಗ ಎರಡು–ಮೂರು ನಿಮಿಷ ನೀರು ಹರಿಯಲು ಬಿಡುವುದು ಸರಿಯಾದ ಕ್ರಮವೇ. ಆದರೆ ಎರಡು ದಿನಕ್ಕೊಮ್ಮೆ ನೀರು ಬರುವ ಊರಿನಲ್ಲಿ ಆ ಕ್ರಮವೊಂದನ್ನೇ ಪಾಲಿಸಿದರೆ ಹೊಲಸು ಗಟಾರಕ್ಕೆ ಹೋಗಿ, ಒಳ್ಳೆಯ ನೀರು ಬಾಟಲಿಗೆ ಬರುತ್ತದೆ. ಅದಕ್ಕೆ ಎರಡು ಬಾಟಲಿ ಬೇಕು. ಬಾಟಲಿ ಕ್ರಿಮಿಶುದ್ಧವಾಗಿರಬೇಕು, ಒಳಗೆ ಕ್ಲೋರಿನ್ ಅಳಿಸುವ ಸೋಡಿಯಂ ಥಯೋಸಲ್ಫೇಟ್ ಇರಬೇಕು, ಐಸ್ ಪೆಟ್ಟಿಗೆಯಲ್ಲಿ ಅದೇ ದಿನ ತಲುಪಬೇಕು. ಸೋಡಾ ಬಾಟಲಿಯಲ್ಲಿ ತುಂಬಿ ಮರುದಿನ ಬಸ್ಸಿಗೆ ಹಾಕಿದ ಮಾದರಿಯಿಂದ ಏನೂ ತಿಳಿಯುವುದಿಲ್ಲ.

ಓಣಿಯ ತಲೆಯಲ್ಲಿ ಎರಡೂ ಓದು 0.6. ಹತ್ತನೇ ಮನೆಯಲ್ಲಿ 0.5. ಹನುಮಪ್ಪನ ಗುಡಿಯ ತನಕ 0.4ಕ್ಕಿಂತ ಇಳಿಯಲಿಲ್ಲ. ಗುಡಿ ದಾಟಿ ಸಣ್ಣ ಸೇತುವೆಯ ಆಚೆಗಿನ ಮನೆಯಲ್ಲಿ ಮೊದಲ ನಿಮಿಷ 0.0, ಹನ್ನೆರಡನೇ ನಿಮಿಷ 0.1. ನಡುವೆ ಹನ್ನೊಂದು ಮನೆ.

ಎರಡನೆಯ ಸಾಕ್ಷಿ ಕೊಟ್ಟದ್ದು ಟಿಡಿಎಸ್ ಮೀಟರ್. ನೀರು ಕುಡಿಯಲು ಯೋಗ್ಯವೇ ಎಂಬುದಕ್ಕೆ ಈ ಮೀಟರ್ ಉತ್ತರಿಸುವುದಿಲ್ಲ, ಅದಕ್ಕೆ ರೋಗಾಣುವೂ ಕಾಣದು ಫ್ಲೋರೈಡೂ ಕಾಣದು. ಆದರೆ ಎರಡು ನೀರು ಬೆರೆತದ್ದು ಅದಕ್ಕೆ ಚೆನ್ನಾಗಿ ಕಾಣುತ್ತದೆ. ಟ್ಯಾಂಕಿನ ನೀರು 640, ಗಟಾರದ ನೀರು 1,900, ಸೇತುವೆ ಆಚೆಯ ನಳದ ಮೊದಲ ನೀರು 700. ಏರಿದ 60ನ್ನು ಎರಡರ ಅಂತರ 1,260ರಿಂದ ಭಾಗಿಸಿದರೆ 0.048. ಕೊಡದಲ್ಲಿ ನೂರಕ್ಕೆ ಐದು ಪಾಲು ಗಟಾರ.

ಇಷ್ಟು ಹೊಲಸು ಬೆರೆತರೆ 0.5 ಕ್ಲೋರಿನ್ ಇದ್ದರೂ ರೋಗಾಣುಗಳನ್ನು ಕೊಲ್ಲಲಾರದು, ತಾನೇ ಮುಗಿದುಹೋಗುತ್ತದೆ. ಹೀಗಾಗಿ ‘ಕ್ಲೋರಿನ್ ಹಾಕಿದ್ದರೆ ಕಾಯಿಲೆ ಬರುತ್ತಲೇ ಇರಲಿಲ್ಲ’ ಎನ್ನುವುದು ಪೂರ್ತಿ ನಿಜವಲ್ಲ. ಆದರೆ ಮೊದಲಿಂದ ಕ್ಲೋರಿನ್ ಇದ್ದು, ವಾರಕ್ಕೊಮ್ಮೆ ಕೊನೆಯ ನಳದಲ್ಲಿ ಅಳೆದಿದ್ದರೆ, ಅದು ಕಾಣೆಯಾದ ದಿನವೇ ತೂತು ಗೊತ್ತಾಗುತ್ತಿತ್ತು. 2022ರ ಬೇಸಿಗೆಯ ಕೊನೆಗೆ ರಾಯಚೂರು ನಗರದಲ್ಲೇ ಕಲುಷಿತ ನಳನೀರಿನಿಂದ ಸಾವುಗಳಾದವು. ಆಮೇಲೆ ಎಲ್ಲರೂ ಪೌಡರಿನ ಬಗ್ಗೆ ಮಾತಾಡಿದರು, ಅಳತೆಯ ಬಗ್ಗೆ ಮಾತು ಕಡಿಮೆ.

ಗಟಾರದೊಳಗಿನ ಬೆಣೆ

ಹನ್ನೊಂದು ಮನೆಯ ಮುಂದೆ ಅಗೆಯುವ ಮೊದಲು ಪಂಚಾಯಿತಿಯ ನಳ ಸಂಪರ್ಕದ ಪುಸ್ತಕ ತೆರೆಸಿದ್ದು ಒಳ್ಳೆಯದಾಯಿತು. ಕೆಳಗಿನ ಓಣಿಯಲ್ಲಿ ಮನೆ 90, ಸಂಪರ್ಕ 94. ನಾಲ್ಕು ಸತ್ತ ಸಂಪರ್ಕಗಳು, ಬಿದ್ದುಹೋದ ಮನೆಗಳವು. ಮೂರಕ್ಕೆ ಮುಖ್ಯ ಪೈಪಿನ ಹತ್ತಿರವೇ ಮುಚ್ಚಳ ಬಿಗಿದಿತ್ತು. ನಾಲ್ಕನೆಯದರ ಅರ್ಧ ಇಂಚಿನ ಕಬ್ಬಿಣದ ಪೈಪು ಗಟಾರದ ತಳದಲ್ಲಿ ತುಕ್ಕು ಹಿಡಿದು ನಿಂತಿತ್ತು. ಬಾಯಿಗೆ ಬಟ್ಟೆ ಸುತ್ತಿದ ಕಟ್ಟಿಗೆಯ ಬೆಣೆ.

ನೀರು ಬರುವಾಗ ಒತ್ತಡಕ್ಕೆ ಬೆಣೆಯಿಂದ ನೀರು ಹೊರಗೆ ಜಿನುಗುತ್ತದೆ, ಗಟಾರದಲ್ಲಿ ಅದು ಯಾರಿಗೂ ಕಾಣದು. ನೀರು ನಿಂತು ಪೈಪು ಖಾಲಿಯಾದಾಗ ದಿಕ್ಕು ತಿರುಗುತ್ತದೆ. ಮುಖ್ಯ ಪೈಪು ಗಟಾರದ ತಳಕ್ಕಿಂತ ಕೆಳಗಿರುವುದರಿಂದ ಗಟಾರದ ನೀರು ತನ್ನ ಭಾರಕ್ಕೇ ಒಳಗಿಳಿಯುತ್ತದೆ. ಬೇಸಿಗೆಯಲ್ಲಿ ಅಲ್ಲಿ ನಾಲ್ಕು ಬೆರಳು ನೀರು. ಶುಕ್ರವಾರದ ಮಳೆಗೆ ಎರಡು ಅಡಿ, ಮೇಲೆ ಕಸ ಕಟ್ಟಿ ಹರಿವೂ ಇಲ್ಲ. ತೂತು ಹಳೆಯದು, ಮಳೆ ಹೊಸದು.

ಅದರ ಜೊತೆಗೆ ಇನ್ನೆರಡು. ಏಳು ಮನೆಯವರು ನಳಕ್ಕೆ ನೇರ ಮೋಟರ್ ಹಚ್ಚಿದ್ದರು. ಮೋಟರ್ ಎಳೆದಾಗ ಪೈಪಿನೊಳಗೆ ಒತ್ತಡ ಹೊರಗಿಗಿಂತ ಕಡಿಮೆಯಾಗಿ, ನೀರು ಹರಿಯುತ್ತಿರುವಾಗಲೇ ಹೊಲಸು ಒಳಗೆಳೆದುಕೊಳ್ಳುತ್ತದೆ. ಹನ್ನೆರಡನೇ ನಿಮಿಷದಲ್ಲೂ ಕ್ಲೋರಿನ್ 0.1ಕ್ಕೆ ನಿಂತದ್ದು ಇದರಿಂದ. ಮೋಟರ್ ಇಲ್ಲದ ಮೂವರು, ನೀರು ಏರದೆ, ಅಂಗಳದಲ್ಲಿ ಗುಂಡಿ ತೋಡಿ ನಳವನ್ನು ನೆಲದ ಕೆಳಗೆ ಇಳಿಸಿಕೊಂಡಿದ್ದರು. ಪಾತ್ರೆ ತೊಳೆದ ನೀರು, ಮಳೆ ನೀರು ಎಲ್ಲ ಆ ಗುಂಡಿಯಲ್ಲೇ ನಿಂತು ನಳದ ಬಾಯಿ ಮುಳುಗುತ್ತದೆ. ಗುಂಡಿ ತೋಡಿದವರನ್ನು ಬೈದು ಪ್ರಯೋಜನವಿಲ್ಲ, ಅವರ ಪಾಲಿನ ಒತ್ತಡವನ್ನು ಮೋಟರುಗಳು ತಿಂದಿವೆ.

ದುರಸ್ತಿ ಮೂರು ದಿನ ಹಿಡಿಯಿತು. ಸತ್ತ ಸಂಪರ್ಕವನ್ನು ಗಟಾರದ ಹತ್ತಿರ ಕತ್ತರಿಸಿದರೆ ಸಾಲದು. ಮುಖ್ಯ ಪೈಪಿನ ಮೇಲಿನ ಫೆರೂಲ್ (ಮನೆಯ ಪೈಪನ್ನು ಮುಖ್ಯ ಪೈಪಿಗೆ ಜೋಡಿಸುವ ತಿರುಪು) ಬಿಚ್ಚಿ ಅಲ್ಲೇ ಪ್ಲಗ್ ಹಾಕಬೇಕು. ಹನ್ನೊಂದು ಮನೆಯ ಕಬ್ಬಿಣದ ಪೈಪು ತೆಗೆದು 20 ಮಿಲಿಮೀಟರಿನ ನೀಲಿ ಎಂಡಿಪಿಇ ಪ್ಲಾಸ್ಟಿಕ್ ಪೈಪು ಎಳೆದರು. ಗಟಾರ ದಾಟುವಲ್ಲಿ ಅದು 50 ಮಿಲಿಮೀಟರಿನ ಕವಚದ ಪೈಪಿನೊಳಗೆ, ಗಟಾರದ ಗೋಡೆಯ ಮೇಲ್ಭಾಗದಿಂದ ಹೋಗುತ್ತದೆ, ಗಟಾರದೊಳಗೆ ಒಂದೂ ಜೋಡಣೆ ಇಲ್ಲ.

ಆಮೇಲೆ ಪೈಪು ತೊಳೆಯುವ ಕೆಲಸ. ಒಳವ್ಯಾಸ 75 ಮಿಲಿಮೀಟರಿನ ಪೈಪು ಮೀಟರಿಗೆ 4.4 ಲೀಟರ್ ಹಿಡಿಯುತ್ತದೆ, 340 ಮೀಟರಿಗೆ ಸುಮಾರು 1,500 ಲೀಟರ್. ಓಣಿಯ ತಲೆಯಲ್ಲಿದ್ದ 2,000 ಲೀಟರಿನ ಗುಮ್ಮಿಯಲ್ಲಿ 400 ಗ್ರಾಂ ಪೌಡರಿನ ತಿಳಿನೀರು ಬೆರೆಸಿದರೆ ಲೀಟರಿಗೆ 50 ಮಿಲಿಗ್ರಾಂ. ಅದನ್ನು ಪೈಪಿಗೆ ನೂಕಿ, ಒಂದೊಂದೇ ನಳ ತೆರೆದು ಕಟುವಾದ ವಾಸನೆ ಬಂದೊಡನೆ ಮುಚ್ಚುತ್ತ ಕೊನೆಯ ಮನೆಯ ತನಕ ಹೋಗಬೇಕು. 24 ಗಂಟೆ ಹಾಗೇ ಬಿಟ್ಟು ಹೊರಗೆ ಹರಿಸಬೇಕು, ಕೆರೆಗೆ ಮಾತ್ರ ಬಿಡಬಾರದು, ಮೀನು ಸಾಯುತ್ತವೆ. ಹಿಂದಿನ ಸಂಜೆ ಡಂಗುರ ಹೊಡೆಸದಿದ್ದರೆ ಯಾರಾದರೂ ಆ ನೀರನ್ನೇ ಹಿಡಿದುಕೊಳ್ಳುತ್ತಾರೆ.

ಫಿಲ್ಟರ್ ನೀರಿನ ಎಂಟು ಜನ

ಘಟಕದ ನಳದಲ್ಲಿ ತುಂಬಿದ ಎಚ್2ಎಸ್ ಬಾಟಲಿ (ನೀರಿಗೆ ಮಲದ ಹೊಲಸು ಸೇರಿದ್ದರೆ ಕಪ್ಪಾಗುವ ಪರೀಕ್ಷೆಯ ಬಾಟಲಿ) 48 ಗಂಟೆ ಕಳೆದರೂ ಕಪ್ಪಾಗಲಿಲ್ಲ. ಕೆಳಗಿನ ಓಣಿಯ ಮನೆಗಳ ಕ್ಯಾನಿನಿಂದ ತುಂಬಿದ ಹನ್ನೆರಡರಲ್ಲಿ ಏಳು ಮರುದಿನಕ್ಕೇ ಕಪ್ಪು. ನೀರು ಘಟಕದಲ್ಲಿ ಚೆನ್ನಾಗಿತ್ತು, ಮನೆಯಲ್ಲಿ ಕೆಟ್ಟಿತು.

ಕಾರಣ ಸರಳ. ಕ್ಲೋರಿನ್ ಪೊರೆಯನ್ನು ಹಾಳುಮಾಡುತ್ತದೆಂದು ಆರ್‌ಒಗೆ ಮೊದಲೇ ಇದ್ದಿಲಿನ ಶೋಧಕದಲ್ಲಿ ಅದನ್ನು ತೆಗೆದುಬಿಡುತ್ತಾರೆ. ಕೊನೆಗೆ ಯುವಿ ದೀಪ ಇದ್ದರೂ ಅದರ ಕೆಲಸ ದೀಪದ ಕೆಳಗೆ ಹಾಯುವಾಗ ಮಾತ್ರ. ಹೊರಬಂದ ನೀರಿಗೆ ಕಾವಲಿಲ್ಲ. ಆ ಕ್ಯಾನನ್ನು ತೊಳೆದದ್ದು ನಳದ ನೀರಲ್ಲಿ, ಮುಳುಗಿಸಿದ ಲೋಟವನ್ನು ತೊಳೆದದ್ದೂ ಅದರಲ್ಲೇ, ಮಜ್ಜಿಗೆಗೆ ಬೆರೆಸಿದ್ದೂ ಅದನ್ನೇ.

ಕ್ಯಾನಿಗೆ ಮದ್ದು ಅಗ್ಗದ್ದು. 10 ಲೀಟರ್ ನೀರಿಗೆ 2 ಗ್ರಾಂ ಪೌಡರಿನ ತಿಳಿನೀರು ಬೆರೆಸಿದರೆ ಲೀಟರಿಗೆ 50 ಮಿಲಿಗ್ರಾಂ ಆಗುತ್ತದೆ. ವಾರಕ್ಕೊಮ್ಮೆ ಅದರಲ್ಲಿ ಅರ್ಧ ಕ್ಯಾನು ತುಂಬಿ, ಮುಚ್ಚಳ ಬಿಗಿದು ಅಲುಗಾಡಿಸಿ, ಅರ್ಧ ಗಂಟೆ ಮಗುಚಿ ಇಟ್ಟು, ಫಿಲ್ಟರ್ ನೀರಲ್ಲೇ ತೊಳೆಯಬೇಕು. ಲೋಟ ಮುಳುಗಿಸುವ ಬದಲು ಬಗ್ಗಿಸಿ ಸುರಿಯಬೇಕು. ಕಾಯಿಲೆ ಇದ್ದ ವಾರಗಳಲ್ಲಿ ಕ್ಯಾನಿಗೂ ಕ್ಲೋರಿನ್ ಮಾತ್ರೆ ಹಾಕುವುದು ಸರಿ. ಮಾತ್ರೆಯ ಮೇಲೆ ಬರೆದ ಲೀಟರ್ ನೋಡಬೇಕು, ಒಂದೊಂದು ಅಳತೆಯವು ಸಿಗುತ್ತವೆ.

ಈ ಗದ್ದಲದಲ್ಲಿ ಒಂದು ತಪ್ಪು ಸಲಹೆ ಓಣಿಗೆಲ್ಲ ಹರಡಿತ್ತು: ಬೋರ್‌ವೆಲ್ ನೀರನ್ನೇ ಕುದಿಸಿ ಕುಡಿಯಿರಿ ಎಂದು. ಚೆನ್ನಾಗಿ ಕೊತಕೊತ ಕುದಿಸಿದರೆ ರೋಗಾಣು ಸಾಯುತ್ತವೆ. ಫ್ಲೋರೈಡ್ ಹೋಗುವುದಿಲ್ಲ, ನೈಟ್ರೇಟ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅವು ಗಟ್ಟಿಯಾಗುತ್ತವೆ. ಎರಡು ವಾರಕ್ಕೆ ಅದರಿಂದ ತೊಂದರೆ ಇಲ್ಲ, ವಾಂತಿಭೇದಿಯ ಹೊತ್ತಿಗೆ ರೋಗಾಣುವೇ ದೊಡ್ಡ ಶತ್ರು. ಅದನ್ನೇ ವರ್ಷಗಟ್ಟಲೆ ರೂಢಿ ಮಾಡಿಕೊಂಡರೆ ಮಕ್ಕಳ ಹಲ್ಲು ಕಂದುಗಟ್ಟುತ್ತದೆ, ಇನ್ನೂ ಮುಂದೆ ಹೋದರೆ ಮೂಳೆ–ಕೀಲುಗಳೂ ಬಿಗಿಯುತ್ತವೆ. ಬೋರ್‌ವೆಲ್‌ನ ನೈಟ್ರೇಟ್ 45 ಮಿಲಿಗ್ರಾಂ ಮೀರಿದ್ದರೆ ಆ ನೀರನ್ನು ಹಸುಗೂಸಿನ ಹಾಲಿಗೆ ಒಂದು ದಿನವೂ ಬಳಸಬಾರದು.

ಘಟಕದ ಹಿಂದೆ ಇನ್ನೊಂದು ತಪ್ಪು ಕಂಡಿತು. ಅರ್ಧ ನೀರು ಒಳ್ಳೆಯದಾಗಿ ಹೊರಬಂದರೆ ಇನ್ನರ್ಧ ತಿರಸ್ಕೃತ ನೀರು, ಫ್ಲೋರೈಡ್ ಬಹುಪಾಲು ಅದರಲ್ಲೇ ಉಳಿದು 2.6 ಇದ್ದದ್ದು 5ರ ಹತ್ತಿರ ಹೋಗಿರುತ್ತದೆ. ಅದನ್ನು ಬೋರ್‌ವೆಲ್‌ನಿಂದ ಹತ್ತು ಹೆಜ್ಜೆ ದೂರದ ಇಂಗುಗುಂಡಿಗೆ ಬಿಟ್ಟಿದ್ದರು. ಈಗ ಪೈಪು ಹಾಕಿ ಶಾಲೆಯ ಶೌಚಾಲಯದ ಟ್ಯಾಂಕಿಗೆ ತಿರುಗಿಸಿದ್ದಾರೆ.

ಈಗಿನ ಸ್ಥಿತಿ

ನೀರು ಬಿಡುವ ಕ್ರಮ ಬದಲಾಗಿದೆ. ಮೂರು ಓಣಿಗೆ ಒಟ್ಟಿಗೆ 40 ನಿಮಿಷದ ಬದಲು ಒಂದೊಂದು ಓಣಿಗೆ ಬೇರೆಬೇರೆ, ಕೆಳಗಿನ ಓಣಿಗೆ ಮೊದಲು. ಒತ್ತಡ ಏರಿದ ಮೇಲೆ ಗುಂಡಿ ತೋಡಿದ್ದ ಇಬ್ಬರು ತಾವೇ ಮುಚ್ಚಿ ನಳವನ್ನು ಅಂಗಳದಿಂದ ಒಂದಡಿ ಮೇಲಕ್ಕೆ ತಂದರು. ಮೂರನೆಯವರ ಮನೆ ತೀರಾ ಕೊನೆಯದು, ಅಲ್ಲಿಗೆ ಇನ್ನೂ ಒತ್ತಡ ಸಾಲದು. ಏಳು ಮೋಟರಿನಲ್ಲಿ ನಾಲ್ಕು ಹೋಗಿವೆ.

ಪೌಡರ್ ಈಗ ಮುಚ್ಚಳವಿರುವ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ, ಪ್ಯಾನಲ್ ಬೋರ್ಡಿನಿಂದ ದೂರ, ನೆರಳಿನ ಕೋಣೆಯಲ್ಲಿದೆ. ಚೀಲ ಬಂದ ತಾರೀಖು ಡ್ರಮ್ಮಿನ ಮೇಲೆ ಬರೆದಿದೆ. ಕೊನೆಯ ನಳದ ಮೊದಲ ನಿಮಿಷದ ಕ್ಲೋರಿನ್ ಓದನ್ನು ನೀರುಗಂಟಿ ವಾರಕ್ಕೆರಡು ಸಲ ಬರೆದಿಡುತ್ತಾನೆ. ನಾಲ್ಕನೇ ವಾರ ಅದು 0.3, ಟಿಡಿಎಸ್ ಟ್ಯಾಂಕಿನಲ್ಲಿ ಇದ್ದಷ್ಟೇ. ಮಾನಕ ಕೇಳುವುದು ಕನಿಷ್ಠ 0.2.

ಪಂಪ್‌ಹೌಸಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ‘660 ಗ್ರಾಂ’ ಎಂದು ಬರೆದಿತ್ತು. ಕಾಲುವೆಗೆ ನೀರು ಬಿಟ್ಟು ಕೆಂಪು ಹೊಸ ನೀರು ಕೆರೆಗೆ ಇಳಿದ ವಾರ, ಅದೇ ಪ್ರಮಾಣ ಹಾಕಿದರೂ ಕೊನೆಯ ನಳದ ಓದು 0.1ಕ್ಕೆ ಬಿತ್ತು. ಹಾರಕ್ಸ್ ಬಟ್ಟಲು ಮತ್ತೆ ಜೋಡಿಸಿದರು. ಈ ಸಲ ನೀಲಿಯಾದದ್ದು ನಾಲ್ಕನೆಯದು. ಗೋಡೆಯ ಮೇಲಿನ ಅಂಕಿ ಅಳಿಸಿ 880 ಬರೆದರು, ಪಕ್ಕದಲ್ಲಿ ತಾರೀಖು.